ಅಕ್ಕನ ಕಿವಿ, ನಾನು ಮಾಡಿದ ಹಲ್ಲು

ಹಲ್ಲು ಮಾಡಿಸಲು ಬಂದವರ ಹತ್ತಿರ ನಾನು ಮೊದಲು ಕೇಳುತ್ತಿದ್ದದ್ದು ಕಿವಿಯ ವಿಷಯ. ರೋಲ್ಡ್‌ಗೋಲ್ಡ್ ನಿಮಗೆ ಆಗುತ್ತದೆಯೇ, ಹಾಕಿದರೆ ಕಿವಿ ತುರಿಸುತ್ತದೆಯೇ, ನೀರು ಒಸರುತ್ತದೆಯೇ ಎಂದು. ಗಂಡಸರಾದರೆ ವಾಚಿನ ಅಡಿಯ ಚರ್ಮ, ಇಲ್ಲವೇ ಬೆಲ್ಟಿನ ಬಕಲ್ ತಾಗುವ ಹೊಟ್ಟೆಯ ಜಾಗ. ಪುತ್ತೂರಿನಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದೆ ಕೂತು ಕಿವಿ, ಹೊಟ್ಟೆ ವಿಚಾರಿಸುವವನನ್ನು ಜನ ವಿಚಿತ್ರವಾಗಿ ನೋಡುತ್ತಿದ್ದರು. ಕಡಬ ಕಡೆಯ ಹಿರಿಯರೊಬ್ಬರು, "ನೀವು ಹಲ್ಲು ಕಟ್ಟುದಾ, ಹೆಣ್ಣು ನೋಡುದಾ ಮಾರಾಯ್ರೆ?" ಎಂದು ಕೇಳಿದ್ದೂ ಉಂಟು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ಈ ಪ್ರಶ್ನೆಗೆ ಯಾರು ನಕ್ಕರೂ ನಾನು ಸಿಟ್ಟು ಮಾಡಿಕೊಂಡದ್ದಿಲ್ಲ. ಆ ಪ್ರಶ್ನೆ ಕೇಳಲು ನಾನು ಕಲಿಯಬೇಕಾದರೆ ನನ್ನ ಅಕ್ಕನ ಬಾಯಿ ಐದು ತಿಂಗಳು ಉರಿಯಬೇಕಾಯಿತು.

ನಾನು ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕೊಡುತ್ತಾರೆ, ಅದನ್ನು ನೋಡಿ ಹಲ್ಲು ಮಾಡುವವನು ನಾನು. ಮಂಗಳೂರಿನಲ್ಲಿ ಕೆಲಸ ಕಲಿತು, ಎಪ್ಪತ್ತರ ದಶಕದ ಕೊನೆಯಲ್ಲಿ ಪುತ್ತೂರಿಗೆ ಬಂದೆ. ಕ್ಲಿನಿಕ್ಕಿನ ಹಿಂದೆ ಶೀಟು ಹೊದೆಸಿದ ಒಂದು ಕೋಣೆ ನನ್ನದು. ಒಂದು ಮೇಜು, ಮೇಣ ಕರಗಿಸುವ ಸ್ಪಿರಿಟ್ ದೀಪ, ಒಂದು ಸಣ್ಣ ಕುಲುಮೆ, ವೆಲ್ಡಿಂಗ್ ಅಂಗಡಿಯಿಂದ ತರಿಸುತ್ತಿದ್ದ ಆಕ್ಸಿಜನ್ ಸಿಲಿಂಡರ್. ಮೊದಲು ಮೇಣದಲ್ಲಿ ಹಲ್ಲು ಮಾಡುವುದು, ಅದನ್ನು ಗಾರೆಯಂಥ ಹುಡಿಯೊಳಗೆ ಹೂತು ಒಣಗಿಸುವುದು, ಕುಲುಮೆಯಲ್ಲಿಟ್ಟು ಮೇಣ ಸುಟ್ಟುಹೋಗುವಂತೆ ಮಾಡುವುದು. ಒಳಗೆ ಉಳಿದ ಟೊಳ್ಳಿಗೆ ಕರಗಿದ ಲೋಹ ತುಂಬಿದರೆ ಹಲ್ಲಾಯಿತು. ಹೇಳಲು ಇಷ್ಟೇ. ಮಾಡುವಾಗ ಒಂದು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅದು ಬಾಯಿಯಲ್ಲಿ ಕೂರುವುದಿಲ್ಲ. ನಾನು ಮಾಡಿದ್ದು ಕೂರುತ್ತಿತ್ತು. ಆ ಬಗ್ಗೆ ನನಗೆ ಜಂಬವಿತ್ತು, ಈಗಲೂ ಸ್ವಲ್ಪ ಉಂಟು.

ಮೊದಮೊದಲು ನಾವು ಚಿನ್ನದಲ್ಲೇ ಮಾಡುತ್ತಿದ್ದೆವು. ಜನ ಮನೆಯಿಂದಲೇ ಚಿನ್ನ ತರುತ್ತಿದ್ದರು, ತುಂಡಾದ ಉಂಗುರ, ಜೋಡಿ ಕಳೆದುಕೊಂಡ ಓಲೆ, ಅಜ್ಜಿಯ ಮೂಗುತಿ. ಬರೀ ಆಭರಣದ ಚಿನ್ನ ಅಗಿಯುವ ಹಲ್ಲಿಗೆ ಮೆದು. ಅದಕ್ಕೆ ಅಳತೆಯಲ್ಲಿ ತಾಮ್ರ, ಬೆಳ್ಳಿ ಸೇರಿಸಿ ಗಟ್ಟಿ ಮಾಡಿ ಕೊಡುತ್ತಿದ್ದವರು ನಮ್ಮ ಬೀದಿಯ ಕೊನೆಯಲ್ಲಿದ್ದ ಚಿನ್ನದ ಕೆಲಸದ ಆಚಾರಿಯವರು. ಆಮೇಲೆ ಚಿನ್ನ ಕೈಗೆಟುಕದ ಹಾಗಾಯಿತು. ಅದೇ ಹೊತ್ತಿಗೆ ಡಾಕ್ಟರು ಮುಂಬಯಿಯಿಂದ ಒಂದು ಬಿಳಿ ಲೋಹ ತರಿಸಿದರು. ನಿಕ್ಕಲ್ ಮತ್ತು ಕ್ರೋಮಿಯಂ ಸೇರಿಸಿ ಮಾಡಿದ್ದು. ಬಳಪದ ಚೂರುಗಳಂತೆ ಸಣ್ಣ ಸಣ್ಣ ಉರುಟು ತುಂಡುಗಳು, ಒಂದು ಪೆಟ್ಟಿಗೆಯ ತುಂಬ. ತುಕ್ಕು ಹಿಡಿಯುವುದಿಲ್ಲ, ಸವೆಯುವುದಿಲ್ಲ, ಉಜ್ಜಿ ಹೊಳಪು ಕೊಟ್ಟರೆ ಮುಖ ಕಾಣುತ್ತದೆ. ಕರಗಿಸಲು ಮಾತ್ರ ಜೀವ ಹಿಂಡುತ್ತದೆ. ಉಜ್ಜುವಾಗ ಏಳುವ ಕಪ್ಪು ಧೂಳಿಗೆ ನಾನು ಮೂಗಿಗೆ ಬೈರಾಸಿನ ಬಟ್ಟೆ ಕಟ್ಟಿಕೊಳ್ಳುತ್ತಿದ್ದೆ. ಅಂಥ ಕೆಲವು ಲೋಹಗಳಲ್ಲಿ ಬೆರಿಲಿಯಂ ಎಂಬುದೊಂದು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಕೇಡು ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ನನಗೆ ಗೊತ್ತಿದ್ದದ್ದು ಒಂದೇ: ಬೀಳದ, ಮುರಿಯದ, ಕಪ್ಪಾಗದ ಹಲ್ಲು ಒಳ್ಳೆಯ ಹಲ್ಲು.

ಇನ್ನು ಅಕ್ಕನ ಕಿವಿಯ ಕತೆ. ನಮ್ಮ ಮನೆ ಸುಳ್ಯದ ಹತ್ತಿರ, ಅಜ್ಜಾವರದ ಕಡೆ. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಸಣ್ಣವಳಿದ್ದಾಗ ಬಳೆ ಮಾರಲು ಬರುತ್ತಿದ್ದ ಹೆಂಗಸಿನ ಹತ್ತಿರ ಅಮ್ಮ ಅವಳಿಗೊಂದು ಜೊತೆ ಗಿಲೀಟಿನ ಓಲೆ ತೆಗೆದುಕೊಟ್ಟಿದ್ದರಂತೆ. ನಾಲ್ಕು ದಿನಕ್ಕೆ ಕಿವಿ ಬಾತು ಕೀವಾಯಿತು. ವಾಸಿಯಾದ ಮೇಲೆ ಬೇರೆ ಜೊತೆ ಹಾಕಿದರು, ಪುನಃ ಅದೇ ಕತೆ. ಮೂರನೆಯ ಸಲ ಅವಳು ಹಠ ಹಿಡಿದು ಕೂತಳಂತೆ, ನನಗೆ ಚಿನ್ನದ್ದೇ ಆಗಬೇಕು, ಬೇರೆ ಬೇಡ ಎಂದು. ನಮ್ಮಂಥ ಮನೆಯಲ್ಲಿ ಏಳೆಂಟು ವರ್ಷದ ಹುಡುಗಿ ಹೀಗೆ ಹೇಳಿದರೆ ಜನ ಏನೆನ್ನುತ್ತಾರೆ? ಅವಳಿಗೆ 'ಮಹಾರಾಣಿ' ಎಂದು ಹೆಸರು ಬಿತ್ತು. ಅಮ್ಮ ಸೋತು ತನ್ನ ಚಿನ್ನದ ಬೆಂಡೋಲೆಯನ್ನೇ ಅವಳಿಗೆ ಕೊಟ್ಟರು, ಕೊಟ್ಟು ಮಹಾರಾಣಿ ಎಂದು ಕರೆಯುವುದನ್ನೂ ಬಿಡಲಿಲ್ಲ. ಬೆಂಡೋಲೆ ಮದುವೆ ಮುಂಜಿಗೆ ಮಾತ್ರ. ಉಳಿದ ದಿನ ತೂತು ಮುಚ್ಚಿಹೋಗದಿರಲೆಂದು ಹಿಡಿಸೂಡಿಯ, ಅಂದರೆ ಪೊರಕೆಯ, ಕಡ್ಡಿಯನ್ನು ಚೂರು ಮುರಿದು ಕಿವಿಗೆ ಚುಚ್ಚಿಕೊಳ್ಳುತ್ತಿದ್ದಳು. ನಾನು ಮಾತು ಕಲಿತ ಮೇಲೆ ಈ ಹೆಸರನ್ನು ಎಲ್ಲರಿಗಿಂತ ಹೆಚ್ಚು ಬಳಸಿದವನು ನಾನೇ. ಅನ್ನಕ್ಕೆ ಉಪ್ಪು ಕಮ್ಮಿ ಎಂದರೂ ಮಹಾರಾಣಿ, ಬಸ್ಸಿನಲ್ಲಿ ಕಿಟಕಿಯ ಬದಿ ಕೂರುತ್ತೇನೆ ಎಂದರೂ ಮಹಾರಾಣಿ. ಅವಳು ಬೈಯುತ್ತಿರಲಿಲ್ಲ. ಹೌದಪ್ಪ ಎಂದು ಸುಮ್ಮನಾಗುತ್ತಿದ್ದಳು.

ಅವಳು ಟೀಚರಾದಳು. ರಾಮಕುಂಜದಿಂದ ಮುಂದೆ, ಆಗ ಪುತ್ತೂರು ತಾಲೂಕಿಗೇ ಸೇರಿದ್ದ ಒಂದು ಹಳ್ಳಿಯ ಶಾಲೆ. ಅಲ್ಲೇ ಕೋಣೆ ಮಾಡಿಕೊಂಡು, ಶನಿವಾರ ಮಧ್ಯಾಹ್ನ ಪುತ್ತೂರಿಗೆ ಬಂದು, ನನ್ನ ಹತ್ತಿರ ಒಂದು ಗಳಿಗೆ ಕೂತು ಸುಳ್ಯದ ಬಸ್ಸು ಹತ್ತುತ್ತಿದ್ದಳು. ಕನ್ನಡ ಪಾಠಕ್ಕೆ ಅವಳನ್ನು ಮೀರಿಸಿದವರಿಲ್ಲ ಎಂದು ಅಲ್ಲಿಯವರು ಹೇಳುತ್ತಿದ್ದರು. ಮನೆಯಲ್ಲಿ ತುಳು, ಅರೆಭಾಷೆ, ಮಲಯಾಳ ಆಡುವ ಮಕ್ಕಳಿಗೆ ಪುಸ್ತಕದ ಕನ್ನಡ ನಾಲಗೆಗೆ ಹತ್ತಬೇಕಾದರೆ ಕಿವಿಗೆ ಬೀಳಬೇಕು, ಅದಕ್ಕೆ ನಾನು ಗಟ್ಟಿಯಾಗಿ ಓದಬೇಕು ಎನ್ನುವುದು ಅವಳ ಲೆಕ್ಕ. ಪದ್ಯವನ್ನಂತೂ ಓದುತ್ತಿರಲಿಲ್ಲ, ಹಾಡುತ್ತಿದ್ದಳು.

ಒಂದು ದಿನ ಹುಡುಗಿಯರಿಗೆ ಥ್ರೋಬಾಲ್ ಆಡಿಸುತ್ತಿರುವಾಗ ಚೆಂಡು ನೇರ ಮುಖಕ್ಕೆ ಬಡಿದು ಮೇಲಿನ ಮುಂದಿನ ಹಲ್ಲೊಂದು ಬೇರಿನವರೆಗೆ ಮುರಿಯಿತು. ಡಾಕ್ಟರು ಬೇರು ತೆಗೆದರು. ಗಾಯ ಒಣಗಿದ ಮೇಲೆ ಆಚೀಚೆಯ ಎರಡು ಹಲ್ಲುಗಳನ್ನು ಸವರಿ, ಅವುಗಳ ಮೇಲೆ ನಿಲ್ಲುವಂತೆ ಮೂರು ಹಲ್ಲಿನ ಬ್ರಿಡ್ಜ್ ಮಾಡುವುದೆಂದಾಯಿತು. ಮುಂದೆ ಕಾಣುವ ಕಡೆ ಬಿಳಿ ಅಕ್ರಿಲಿಕ್, ಹಿಂದೆ ಪೂರ್ತಿ ಲೋಹ.

"ಅಕ್ಕನದ್ದು ನಾನೇ ಮಾಡುದು ಡಾಕ್ಟ್ರೇ," ಎಂದೆ.

"ಮತ್ತೆ ನಾನು ಮಾಡ್ತೇನಾ? ಎಲ್ಲರದ್ದೂ ನೀನೇ ಅಲ್ವಾ ಮಾಡುದು," ಎಂದರು ಡಾಕ್ಟರು.

ಎಲ್ಲರದ್ದೂ ನಾನೇ ಮಾಡುತ್ತಿದ್ದದ್ದು ಹೌದು, ಆದರೆ ಎಲ್ಲರದ್ದನ್ನೂ ಹಾಗೆ ಮಾಡುತ್ತಿರಲಿಲ್ಲ. ಒಮ್ಮೆ ಕರಗಿಸಿ ಹೊಯ್ದಾಗ ಮಿಕ್ಕುವ ಗಟ್ಟಿಯನ್ನು ನಾವು ಬಿಸಾಡುತ್ತಿರಲಿಲ್ಲ, ಮುಂದಿನ ಸಲ ಹೊಸ ಲೋಹದ ಜೊತೆ ಸೇರಿಸುತ್ತಿದ್ದೆವು. ಹಾಗೆ ಮತ್ತೆ ಮತ್ತೆ ಕರಗಿಸಿದ ಲೋಹ ಬಾಯಿಯ ನೀರಿಗೆ ಬೇಗ ಕರಗುತ್ತದೆ ಎಂಬುದು ಆಮೇಲೆ ತಿಳಿದ ವಿಷಯ. ಅಕ್ಕನ ಹಲ್ಲಿಗೆ ಮಾತ್ರ ಪೆಟ್ಟಿಗೆಯಿಂದ ಹೊಸ ತುಂಡುಗಳನ್ನೇ ತೆಗೆದೆ. ಮೇಣದಲ್ಲಿ ಎರಡು ಸಲ ಮಾಡಿ ಎರಡು ಸಲ ಒಡೆದೆ. ಹೊಳಪು ಕೊಡಲು ಒಂದಿಡೀ ದಿನ ಕಳೆದೆ. ಇಟ್ಟ ದಿನ ಅದು ಟಕ್ಕೆಂದು ಕೂತಿತು. ಅಕ್ಕ ಕನ್ನಡಿ ನೋಡಿಕೊಂಡು, "ನನ್ನ ಹಲ್ಲಿಗಿಂತ ಚಂದ ಉಂಟಲ್ಲ ಮಾರಾಯ," ಎಂದಳು. ಆ ಮಾತಿನಿಂದ ನನಗೆ ಆದ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿಲ್ಲ.

ಎರಡು ವಾರ ಕಳೆದು ಬಂದಾಗ, ಬಾಯಿಯಲ್ಲಿ ಏನೋ ಕಬ್ಬಿಣದ ರುಚಿ ಎಂದಳು. ಹೊಸತಲ್ಲವೇ, ಅಭ್ಯಾಸವಾಗುತ್ತದೆ ಎಂದೆ. ಮುಂದಿನ ಶನಿವಾರ ಬ್ರಿಡ್ಜಿನ ಹಿಂದಿನ ವಸಡು ಕೆಂಪಾಗಿತ್ತು. ಸರಿಯಾಗಿ ಹಲ್ಲುಜ್ಜುತ್ತಿಲ್ಲ ನೀನು ಎಂದೆ. ಅದರ ಮುಂದಿನ ಸಲ ತುಟಿಯ ಎರಡೂ ಮೂಲೆ ಒಡೆದು, ಬಾಯಿಯ ಸುತ್ತ ಚರ್ಮ ಸಿಪ್ಪೆ ಏಳುತ್ತಿತ್ತು. ಖಾರ ತಿನ್ನುವ ಹಾಗಿಲ್ಲ, ಬಿಸಿ ಕುಡಿಯುವ ಹಾಗಿಲ್ಲ. ಗಂಜಿ ಆರಿಸಿ, ಉಪ್ಪು ಹಾಕದೆ ಉಣ್ಣುತ್ತಿದ್ದಾಳೆ ಎಂದು ಅಮ್ಮ ಹೇಳಿದರು. ಇದರ ಜೊತೆಗೆ ಇನ್ನೊಂದು ಶುರುವಾಯಿತು. ಅವಳ ಕಿವಿಯ ತೂತುಗಳು ತುರಿಸಿ ನೀರು ಒಸರತೊಡಗಿದವು. ಕಿವಿಯಲ್ಲಿ ಇದ್ದದ್ದು ಬರೀ ಕಡ್ಡಿ.

ಡಾಕ್ಟರು ನೋಡಿದರು. ಜೀವಸತ್ವ ಕಮ್ಮಿಯಾಗಿರಬೇಕೆಂದು ಬಿ ಕಾಂಪ್ಲೆಕ್ಸ್ ಮಾತ್ರೆ ಬರೆದರು, ತುಟಿಗೆ ಹಚ್ಚಲು ನೀಲಿ ಮದ್ದು ಕೊಟ್ಟರು. ಅಕ್ಕ ನೀಲಿ ಬಾಯಿ ಮಾಡಿಕೊಂಡು ಒಂದು ತಿಂಗಳು ಶಾಲೆಗೆ ಹೋದಳು. ಏನೂ ಗುಣ ಕಾಣಲಿಲ್ಲ. ಡಾಕ್ಟರು ಹಲ್ಲನ್ನು ಒಂದು ಸಲ ಕುಟ್ಟಿ ನೋಡಿ, "ಹಲ್ಲು ಫಸ್ಟ್‌ಕ್ಲಾಸ್ ಉಂಟು," ಎಂದರು. ನಾನು ಅಷ್ಟನ್ನು ಮಾತ್ರ ಕೇಳಿಸಿಕೊಂಡೆ.

ಅಮ್ಮನಿಗೆ ಇದು ಚೇರೆ ಎಂದು ಖಚಿತವಾಗಿತ್ತು. ನಮ್ಮ ಕಾಡಿನಲ್ಲಿ ಚೇರೆ ಎಂಬ ಮರವಿದೆ. ಅದರ ಹಾಲು ತಾಗಿದರೆ ಕೆಲವರಿಗೆ ಮೈಯೆಲ್ಲ ಬಾತು ಬೊಬ್ಬೆ ಏಳುತ್ತದೆ, ಕೆಲವರಿಗೆ ಅದರ ಹೊಗೆ ಸಾಕು, ಇನ್ನು ಕೆಲವರಿಗೆ ಅದರ ಅಡಿ ನಿಂತರೂ ಆಗುತ್ತದೆ. ಅದೇ ಮರವನ್ನು ಕಡಿದು ಹೊತ್ತು ತರುವವರಿಗೆ ಏನೂ ಆಗುವುದಿಲ್ಲ. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ಮರ ನೋಡಿ ಹೇಳಲು ಬರುವುದಿಲ್ಲ, ಮೈ ನೋಡಿಯೇ ತಿಳಿಯಬೇಕು. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಶಾಲೆಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬೇಯಿಸುವ ಒಲೆಗೆ ಯಾರೋ ಚೇರೆಯ ಸೌದೆ ಹಾಕಿರಬೇಕು, ಅದರ ಹೊಗೆ ತಾಗಿದ್ದು ಎಂದು ಅಮ್ಮ ತೀರ್ಮಾನಿಸಿದರು. ಅದಕ್ಕೆ ಮದ್ದು ತಾರೆ ಮರ. ಮರ್ಕಂಜದ ದಾರಿಯಲ್ಲಿ ಒಂದು ದೊಡ್ಡ ತಾರೆ ಮರವಿತ್ತು. ಒಂದು ಭಾನುವಾರ ಬೆಳಿಗ್ಗೆ ನಾವು ಮೂವರು ಅಲ್ಲಿಗೆ ಹೋದೆವು. ಅಕ್ಕ ಮರಕ್ಕೆ ಮೂರು ಸುತ್ತು ಬಂದು ಕೈಮುಗಿದಳು. ಅಮ್ಮ ತೊಗಟೆ ಕೆತ್ತಿ ಸೆರಗಿನಲ್ಲಿ ಕಟ್ಟಿಕೊಂಡರು, ಬಾಯಿ ತೊಳೆಯಲು ಕಷಾಯಕ್ಕೆ.

ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ, ಆಗಲೂ ಇರಲಿಲ್ಲ. ಆದರೆ ಆ ದಿನ ನಾನು ಅಮ್ಮನಿಗಿಂತ ಜೋರಾಗಿ, ಹೌದು ಹೌದು, ಇದು ಚೇರೆಯೇ, ಸಂಶಯ ಇಲ್ಲ ಎಂದು ಹೇಳುತ್ತಿದ್ದೆ. ಚೇರೆಯಾದರೆ ಹಲ್ಲಲ್ಲ, ಅಲ್ಲವೇ. ಅಕ್ಕ ನನ್ನ ಮುಖವನ್ನೊಮ್ಮೆ ನೋಡಿದಳು.

ಕಷಾಯದಿಂದಲೂ ಗುಣವಾಗಲಿಲ್ಲ. ಐದನೆಯ ತಿಂಗಳಿನಲ್ಲಿ ಅವಳು ಒಂದು ಶನಿವಾರ ಬರಲೇ ಇಲ್ಲ. ಸೋಮವಾರ ನಾನು ಮುಲಾಮು ಹಿಡಿದುಕೊಂಡು ಅವಳ ಶಾಲೆಗೆ ಹೋದೆ. ಪಾಠ ನಡೆಯುತ್ತಿತ್ತು, ಕಿಟಕಿಯ ಹೊರಗೆ ನಿಂತೆ. ಒಳಗೆ ಅಕ್ಕನ ದನಿ ಇರಲಿಲ್ಲ. ಅವಳು ಪದ್ಯವನ್ನು ಬೋರ್ಡಿನಲ್ಲಿ ಬರೆದಿದ್ದಳು. ಎಡಗೈಯಲ್ಲಿ ಕರವಸ್ತ್ರವನ್ನು ಬಾಯಿಗೆ ಒತ್ತಿ ಹಿಡಿದು, ಬಲಗೈಯ ಕೋಲಿನಿಂದ ಒಂದೊಂದೇ ಸಾಲು ತೋರಿಸುತ್ತಿದ್ದಳು. ಮಕ್ಕಳು ಅವರವರೇ ಓದುತ್ತಿದ್ದರು, ಎಲ್ಲೆಲ್ಲೋ ನಿಲ್ಲಿಸಿ, ಎಲ್ಲೆಲ್ಲೋ ಎಳೆದು. ತಪ್ಪಾದಾಗ ಅವಳು ಕೋಲನ್ನು ಅದೇ ಸಾಲಿಗೆ ಪುನಃ ತರುತ್ತಿದ್ದಳು, ಅಷ್ಟೇ. ಹೆಡ್ಮಾಸ್ಟರು ಜಗಲಿಯಲ್ಲಿ ಸಿಕ್ಕಿ, "ಅಕ್ಕೋರನ್ನು ಸ್ವಲ್ಪ ದಿನ ಆಫೀಸು ಕೆಲಸಕ್ಕೆ ಹಾಕುವಾ ಅಂತ ಉಂಟು. ಅವರಿಗೆ ಮಾತಾಡ್ಲಿಕ್ಕೆ ಎಡಿಯುದಿಲ್ಲ ಅಲ್ವಾ. ಕನ್ನಡ ಪಾಠ ಬೇರೆಯವರು ತೆಕ್ಕೊಳ್ತಾರೆ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಕ್ಕನಿಗೆ ಹೇಳಿಯಾಗಿದೆಯೇ ಎಂದು ಕೇಳಿದೆ. ಹೇಳಿದ್ದೇವೆ, ತಿಂಗಳ ಕೊನೆಯವರೆಗೆ ನೋಡುವಾ ಎಂದಿದ್ದಾರೆ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಆಗಲಾದರೂ ನನ್ನ ತಲೆ ಸರಿಯಾದ ಕಡೆ ತಿರುಗಬೇಕಿತ್ತು. ತಿರುಗಿದ್ದು ಆಚಾರಿಯವರ ಕಡೆಗೆ. ಕಿವಿ ಒಸರುತ್ತದೆಯಲ್ಲ, ಕಿವಿಗೆ ಆಗೀಗ ಹಾಕುವುದು ಬೆಂಡೋಲೆ. ಬೆಂಡೋಲೆಯ ತಿರುಪನ್ನು ಹಿಂದಿನ ವರ್ಷ ಸರಿ ಮಾಡಿಕೊಟ್ಟವರು ಇದೇ ಆಚಾರಿಯವರು. ಏನೋ ಕೆಟ್ಟ ಲೋಹ ಬೆರೆಸಿದ್ದಾರೆ, ಅದರ ನಂಜು ಕಿವಿಯಿಂದ ಬಾಯಿಗೆ ಇಳಿದಿದೆ. ಇಷ್ಟನ್ನು ಪುತ್ತೂರು ತಲುಪುವಷ್ಟರಲ್ಲಿ ಪೋಣಿಸಿ ಮುಗಿಸಿದ್ದೆ. ಅಕ್ಕ ಜೋಪಾನಕ್ಕೆಂದು ನನ್ನ ಕೋಣೆಯಲ್ಲಿ ಬಿಟ್ಟುಹೋಗಿದ್ದ ಬೆಂಡೋಲೆ ಹಿಡಿದು ನೇರ ಅವರ ಅಂಗಡಿಗೆ ಹೋದೆ.

ಆಚಾರಿಯವರು ನನಗಿಂತ ಇಪ್ಪತ್ತು ವರ್ಷಕ್ಕೆ ಹಿರಿಯರು, ಮೆಲ್ಲಗೆ ಮಾತಾಡುವವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಆಮೇಲೆ ಒರೆಗಲ್ಲು ತೆಗೆದು ತಿರುಪನ್ನು ಉಜ್ಜಿದರು, ಪಕ್ಕದಲ್ಲಿ ಓಲೆಯನ್ನು ಉಜ್ಜಿದರು. ಎರಡು ಗೆರೆಯೂ ಒಂದೇ ಬಣ್ಣ.

"ನೋಡಿ," ಎಂದು ಕಲ್ಲನ್ನು ನನ್ನ ಮುಂದೆ ಹಿಡಿದರು. "ನನ್ನ ಚಿನ್ನಕ್ಕೆ ಇದುಂಟು. ನಿಮ್ಮ ಬಿಳಿ ಲೋಹಕ್ಕೆ ಒರೆಗಲ್ಲು ಎಂತ?"

ನಾನು ಸಿಟ್ಟಿನಿಂದ ಎದ್ದು ಬಂದೆ. ಕ್ಲಿನಿಕ್ಕಿಗೆ ಬಂದು, ಅಕ್ಕನ ಕಿವಿ ಒಸರುವುದಕ್ಕೆ ನಮ್ಮ ಲೋಹದ ಒರೆಗಲ್ಲು ಕೇಳುತ್ತಾನೆ, ಆಚಾರಿಗೆ ಎಷ್ಟು ಸೊಕ್ಕು ನೋಡಿ ಎಂದು ಡಾಕ್ಟರ ಹತ್ತಿರ ದೂರು ಹೇಳಿದೆ. ಮಧ್ಯಾಹ್ನದ ಹೊತ್ತು, ರೋಗಿಗಳಿರಲಿಲ್ಲ. ಡಾಕ್ಟರು ನಗುತ್ತ ಕೇಳುತ್ತಿದ್ದವರು ಒಮ್ಮೆಲೇ ನಗು ನಿಲ್ಲಿಸಿದರು. ಎದ್ದು ಹೋಗಿ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು, ನಿಂತೇ ಎರಡು ಪುಟ ಓದಿದರು.

"ನಿನ್ನ ಅಕ್ಕ ಈ ರೋಲ್ಡ್‌ಗೋಲ್ಡ್ ಓಲೆ ಗೀಲೆ ಹಾಕ್ತಾರಾ?" ಎಂದು ಕೇಳಿದರು.

"ಅವಳಾ? ಅವಳು ಮಹಾರಾಣಿ ಅಲ್ವಾ ಡಾಕ್ಟ್ರೇ. ಸಣ್ಣದಿರುವಾಗಲೇ ಅವಳಿಗೆ ಚಿನ್ನದ್ದೇ ಆಗ್ಬೇಕಿತ್ತು. ಬೇರೆ ಎಂತ ಹಾಕಿದ್ರೂ ಕಿವಿ ಬಾತು..."

ಇಪ್ಪತ್ತು ವರ್ಷ ತಮಾಷೆಯೆಂದು ಹೇಳುತ್ತಿದ್ದ ವಾಕ್ಯವನ್ನು ನಾನು ಅವತ್ತು ಮೊದಲ ಸಲ ಕೇಳಿಸಿಕೊಂಡೆ.

ಡಾಕ್ಟರು ಕುರ್ಚಿಯಲ್ಲಿ ಕೂತು ವಿವರಿಸಿದರು. ಗಿಲೀಟಿನ ಆಭರಣದ ಒಳಗೆ, ಹೊಳಪಿನ ಅಡಿ ನಿಕ್ಕಲ್ ಇರುತ್ತದೆ. ಬಹಳಷ್ಟು ಜನರಿಗೆ ಅದರಿಂದ ಏನೂ ಆಗುವುದಿಲ್ಲ. ಕೆಲವರ ಮೈ ಒಮ್ಮೆ ಅದನ್ನು ವೈರಿ ಎಂದು ಗುರುತಿಸಿಬಿಟ್ಟರೆ ಆಮೇಲೆ ಮರೆಯುವುದಿಲ್ಲ. ಎಷ್ಟು ಗಟ್ಟಿ ಲೋಹವಾದರೂ ಬಾಯಿಯ ನೀರಿನಲ್ಲಿ ಸದಾ ನೆನೆಯುತ್ತಿದ್ದರೆ ಕಣ್ಣಿಗೆ ಕಾಣದಷ್ಟು ಬಿಡುತ್ತದೆ, ಅಂಥವರಿಗೆ ಅಷ್ಟು ಸಾಕು. ಬಾಯಿಯಲ್ಲಿ ಬಿಟ್ಟದ್ದಕ್ಕೆ ಹಳೆಯ ಜಾಗದಲ್ಲಿ, ಅಂದರೆ ಕಿವಿಯಲ್ಲಿ, ಪುನಃ ಏಳುವುದೂ ಉಂಟು. "ಲೋಹ ಒಳ್ಳೆದಾ ಅಂತ ಕೇಳಿದ್ರೆ ಸಾಲದು ಮಾರಾಯ. ಯಾರಿಗೆ ಒಳ್ಳೆದು ಅಂತ ಕೇಳ್ಬೇಕಿತ್ತು. ನಾನೂ ಕೇಳ್ಲಿಲ್ಲ," ಎಂದರು. ಅವರು ತಮ್ಮನ್ನೂ ಸೇರಿಸಿಕೊಂಡದ್ದು ದೊಡ್ಡ ಮನಸ್ಸು.

ಆದರೂ ನಾನು ಒಪ್ಪಲಿಲ್ಲ. ಪುಸ್ತಕದಲ್ಲಿದ್ದ ಮಾತ್ರಕ್ಕೆ ಅಕ್ಕನ ಮೈಯಲ್ಲೂ ಇರಬೇಕೆಂದಿಲ್ಲ ಎಂದೆ. ಹಾಗಾದರೆ ಒರೆಗೆ ಹಚ್ಚು ಎಂದರು ಡಾಕ್ಟರು. ಹೇಗೆಂದು ಅವರೇ ಹೇಳಿದರು. ಹಿಂದಿನ ಕಾಲದ ಕೆಲವು ಎಂಟಾಣೆ ನಾಣ್ಯಗಳು ಅಪ್ಪಟ ನಿಕ್ಕಲ್ಲಿನವು, ಅಯಸ್ಕಾಂತಕ್ಕೆ ಅಂಟುತ್ತವೆ. ಅಂಥದ್ದೊಂದನ್ನು ಹುಡುಕಿ ತೊಳೆದು, ಒದ್ದೆ ಹತ್ತಿಯ ಜೊತೆ ಅಕ್ಕನ ತೋಳಿಗೆ ಪ್ಲಾಸ್ಟರ್ ಹಾಕಿ ಅಂಟಿಸಿದೆವು. ಇನ್ನೊಂದು ತೋಳಿಗೆ ಬೆಂಡೋಲೆ. ಎಂಟಾಣೆಯ ಪಕ್ಕದಲ್ಲಿ ನನ್ನ ಲೋಹದ ಒಂದು ತುಂಡನ್ನೂ ಇಟ್ಟೆ. ಹಟಕ್ಕೆ ಬಿದ್ದು ನನ್ನ ತೋಳಿಗೂ ಒಂದು ಎಂಟಾಣೆ, ಒಂದು ತುಂಡು ಲೋಹ ಅಂಟಿಸಿಕೊಂಡೆ. ಎರಡು ದಿನ ನೀರು ತಾಗಿಸಬಾರದು. ಅಕ್ಕ ರಜೆ ಹಾಕಿ ಪುತ್ತೂರಿನಲ್ಲೇ ಉಳಿದಳು. ಆ ಎರಡು ದಿನವೂ ಅವಳು ತೋಳು ತುರಿಸಿಕೊಳ್ಳದೆ ಕೂತದ್ದನ್ನು ನಾನು ನೋಡಿದೆ. ಕಷ್ಟವಾಗುತ್ತದೆಯೇ ಎಂದು ಕೇಳಿದರೆ ಇಲ್ಲ ಎಂದಳು.

ಮೂರನೆಯ ದಿನ ಡಾಕ್ಟರು ಮೊದಲು ನನ್ನ ಪ್ಲಾಸ್ಟರ್ ಕಿತ್ತರು. ಒಂದು ರೋಮ ಕಿತ್ತ ಗುರುತು ಬಿಟ್ಟರೆ ಏನೂ ಇಲ್ಲ. ಅಕ್ಕನ ಬೆಂಡೋಲೆಯ ತೋಳಿನಲ್ಲೂ ಏನೂ ಇಲ್ಲ. ಎಂಟಾಣೆ ತೆಗೆದರೆ, ಅದರ ಉರುಟಿನಷ್ಟೇ ಜಾಗ ಕೆಂಪಾಗಿ ಉಬ್ಬಿ, ಮೇಲೆ ಸಣ್ಣ ಸಣ್ಣ ನೀರಿನ ಗುಳ್ಳೆ. ಅದರ ಪಕ್ಕದಲ್ಲಿ, ಚಿಕ್ಕದಾಗಿ, ನನ್ನ ಲೋಹದ ತುಂಡಿನ ಆಕಾರದ ಇನ್ನೊಂದು ಕೆಂಪು. ಒಂದೇ ಅಮ್ಮನ ಮಕ್ಕಳ ಎರಡು ತೋಳು ಅಕ್ಕಪಕ್ಕ ಮೇಜಿನ ಮೇಲಿದ್ದವು. ನನಗೆ ಅಮ್ಮ ಹೇಳುವ ಚೇರೆ ಮರ ನೆನಪಾಯಿತು. ಮರದ ಹೆಸರೊಂದು ತಪ್ಪಿದ್ದು ಬಿಟ್ಟರೆ ಅಮ್ಮ ಹೇಳಿದ್ದೆಲ್ಲ ಸರಿಯೇ ಇತ್ತು.

ಬ್ರಿಡ್ಜನ್ನು ಅವತ್ತೇ ತೆಗೆದರು. ಸುಲಭಕ್ಕೆ ಬರಲಿಲ್ಲ, ಅಷ್ಟು ಚೆನ್ನಾಗಿ ಕೂರಿಸಿದ್ದೆ. ಡಾಕ್ಟರು ಡ್ರಿಲ್ಲಿನಿಂದ ಹಿಂದಿನ ಲೋಹವನ್ನು ಕೊಯ್ಯಬೇಕಾಯಿತು. ಮುಕ್ಕಾಲು ಗಂಟೆ ಹಿಡಿಯಿತು. ಅಕ್ಕನ ತಲೆಯನ್ನು ನಾನು ಹಿಡಿದುಕೊಂಡಿದ್ದೆ. ಒಂದಿಡೀ ದಿನ ಉಜ್ಜಿ ಹೊಳಪು ಕೊಟ್ಟದ್ದು ಎರಡು ಹೋಳಾಗಿ ತಟ್ಟೆಗೆ ಬಿದ್ದಾಗ ನನಗೆ ಬೇಸರವಾಯಿತೋ ಹಗುರವಾಯಿತೋ ಹೇಳಲಾರೆ. ಎರಡೂ ಆಗಿರಬೇಕು.

ತಾತ್ಕಾಲಿಕಕ್ಕೆ ಬರೀ ಅಕ್ರಿಲಿಕ್ಕಿನ ಹಲ್ಲು ಮಾಡಿಕೊಟ್ಟೆ. ಒಂದು ವಾರಕ್ಕೆ ಉರಿ ಕಮ್ಮಿಯಾಯಿತು, ಎರಡನೆಯ ವಾರ ತುಟಿಯ ಒಡಕು ಕೂಡಿತು, ಕಿವಿ ಒಣಗಿತು. ತಿಂಗಳ ಕೊನೆಗೆ ಅವಳು ಹೆಡ್ಮಾಸ್ಟರಿಗೆ ಆಫೀಸು ಕೆಲಸ ಬೇಡ ಎಂದಳಂತೆ. ಆ ಶನಿವಾರ ನನ್ನ ಮೇಜಿನ ಹತ್ತಿರ ಕೂತು ನಾಲ್ಕು ಖಾರದ ಅಂಬೊಡೆ ತಿಂದಳು. ಕಣ್ಣಲ್ಲಿ ನೀರು ಬರುತ್ತಿತ್ತು, ನಿಲ್ಲಿಸಲಿಲ್ಲ.

ಅಕ್ರಿಲಿಕ್ ಹೆಚ್ಚು ದಿನ ತಡೆಯುವುದಿಲ್ಲ, ಖಾಯಂ ಹಲ್ಲು ಚಿನ್ನದಲ್ಲೇ ಆಗಬೇಕೆಂದು ಡಾಕ್ಟರು ಹೇಳಿದರು. ಅಷ್ಟು ಚಿನ್ನ ಎಲ್ಲಿಂದ ತರುವುದೆಂದು ನಾನು ಒದ್ದಾಡುತ್ತಿದ್ದೆ. ಅಕ್ಕ ಪರ್ಸಿನಿಂದ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಅಮ್ಮನ ಬೆಂಡೋಲೆ.

"ಇದು ಬೇಡ," ಎಂದೆ. "ಇದು ಹೋದ್ರೆ ನಿನ್ಗೆ ಕಿವಿಗೆ ಎಂತ ಉಂಟು?"

"ಕಿವಿಗೆ ಕಡ್ಡಿ ಉಂಟಲ್ಲ. ಕಿವಿಯಿಂದ ಪಾಠ ಮಾಡ್ಲಿಕ್ಕೆ ಆಗುದಿಲ್ಲ. ಅಮ್ಮನತ್ರ ಕೇಳಿಯಾಗಿದೆ."

ಅದನ್ನು ಹಿಡಿದು ನಾನು ಪುನಃ ಆಚಾರಿಯವರ ಅಂಗಡಿಯ ಮೆಟ್ಟಿಲು ಹತ್ತಬೇಕಾಯಿತು. ಆ ಮೂರು ಮೆಟ್ಟಿಲು ಹತ್ತಲು ಮೂರು ದಿನ ತೆಗೆದುಕೊಂಡೆ. ತಪ್ಪಾಯಿತು ಎಂದೆ. ಅವರು "ಒರೆಗಲ್ಲು ಸಿಕ್ಕಿತಾ?" ಎಂದು ಮಾತ್ರ ಕೇಳಿದರು. ಸಿಕ್ಕಿತು ಎಂದು ಅಕ್ಕನ ತೋಳಿನ ಕತೆ ಹೇಳಿದೆ. ಅವರು ಚಿನ್ನವನ್ನು ಶುದ್ಧ ಮಾಡಿ, ಹಳೆಯ ಬೆಸುಗೆಯನ್ನೆಲ್ಲ ತೆಗೆದು, ತಾಮ್ರ ಬೆಳ್ಳಿ ಬಿಟ್ಟು ಬೇರೇನೂ ಸೇರಿಸದೆ ಗಟ್ಟಿ ಮಾಡಿ ಕೊಟ್ಟರು. ಹೊಯ್ಯುವ ಮೊದಲು ಒಂದು ಚೂರನ್ನು ಅಕ್ಕನ ತೋಳಿಗೆ ಎರಡು ದಿನ ಕಟ್ಟಿ ನೋಡಿ ಎಂದು ಅವರೇ ಹೇಳಿದರು. ಕಟ್ಟಿ ನೋಡಿದೆವು, ಏನೂ ಆಗಲಿಲ್ಲ.

ಆ ಬೆಂಡೋಲೆ ಕರಗುವುದನ್ನು ನೋಡಲು ಅಕ್ಕ ನನ್ನ ಕೋಣೆಗೆ ಬಂದಿದ್ದಳು. ಕರಗಿದ ಚಿನ್ನ ಟೊಳ್ಳಿಗೆ ಇಳಿಯಿತು. ಆರಲು ಬಿಟ್ಟು ಇಬ್ಬರೂ ಚಹಾ ಕುಡಿಯುತ್ತ ಕೂತೆವು. ಅಷ್ಟು ದಿನ ಕೇಳದೆ ಉಳಿದದ್ದನ್ನು ಆಗ ಕೇಳಿದೆ.

"ಕಿವಿಯದ್ದೂ ಬಾಯಿಯದ್ದೂ ಒಂದೇ ಅಂತ ನಿನ್ಗೆ ಒಮ್ಮೆಯೂ ಅನ್ನಿಸ್ಲಿಲ್ವಾ?"

"ಅನ್ನಿಸಿತ್ತು. ಕಿವಿ ತುರಿಸ್ಲಿಕ್ಕೆ ಶುರು ಆದ ವಾರವೇ. ಅದೇ ತುರಿಕೆ. ನನ್ನ ಕಿವಿ ಅಲ್ವಾ, ಗೊತ್ತಾಗುದಿಲ್ವಾ?"

"ಮತ್ತೆ ಇಷ್ಟು ತಿಂಗಳು ಯಾಕೆ ಹೇಳ್ಲಿಲ್ಲ?"

ಅವಳು ಲೋಟ ಕೆಳಗಿಟ್ಟಳು. "ಈ ಹಲ್ಲು ನನ್ಗೆ ಆಗುದಿಲ್ಲ, ಚಿನ್ನದ್ದೇ ಆಗ್ಬೇಕು ಅಂತ ನಾನು ಹೇಳಿದ್ರೆ," ಎಂದಳು, "ನೀನು ಎಂತ ಹೇಳ್ತಿದ್ದೆ?"

ನಾನು ಎಂತ ಹೇಳುತ್ತಿದ್ದೆ ಎಂದು ಇಬ್ಬರಿಗೂ ಗೊತ್ತಿತ್ತು. ಆ ಶಬ್ದವನ್ನು ನಾನು ಆಮೇಲೆ ಯಾವತ್ತೂ ಅವಳಿಗೆ ಹೇಳಲಿಲ್ಲ. ಅವಳು ಚಹಾ ಮುಗಿಸಿ, ಕಿವಿಯಲ್ಲಿದ್ದ ಕಡ್ಡಿಯನ್ನೊಮ್ಮೆ ಸರಿ ಮಾಡಿಕೊಂಡು, ಆರಿದೆಯೋ ನೋಡು ಎಂದಳು.